ದಸ್ತಗೀರನ ಹದಿನೆಂಟು ವರ್ಷ

ಹೊಸದಾಗಿ ಮಾಸ್ತರಿಕೆಗೆ ಸೇರಿದ ಹುಡುಗರು ಈಗಲೂ ಒಮ್ಮೊಮ್ಮೆ ನನ್ನನ್ನು ಕಾಣಲು ಬರುತ್ತಾರೆ. ಗದ್ದಲ ಮಾಡುವ ವರ್ಗವನ್ನು ಹೇಗೆ ಹಿಡಿಯಬೇಕು, ಮಗ್ಗಿ ಬಾರದವನಿಗೆ ಹೇಗೆ ಕಲಿಸಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಟ್ರೇನಿಂಗ್ ಕಾಲೇಜಿನವರು ನನಗಿಂತ ಚೆನ್ನಾಗಿ ಹೇಳಿಕೊಟ್ಟಿರುತ್ತಾರೆ. ನಾನು ಅವರಿಗೆ ಜನರಲ್ ರಜಿಸ್ಟರದ ಮಾತು ಹೇಳುತ್ತೇನೆ. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆಯುವ ದಪ್ಪ ಪುಸ್ತಕ ಅದು. ಹುಡುಗರು ನಗುತ್ತಾರೆ, ಮುದುಕನಿಗೆ ಹೇಳಲು ಬೇರೇನೂ ಇಲ್ಲ ಅಂದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಆ ವಯಸ್ಸಿನಲ್ಲಿ ನಾನೂ ಆ ಪುಸ್ತಕವನ್ನು ಹಗುರವಾಗಿಯೇ ಹಿಡಿದಿದ್ದೆ.

ನನ್ನ ಮೊದಲ ನೇಮಕ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಇಬ್ಬರು ಮಾಸ್ತರರ ಶಾಲೆ. ಹಿರಿಯರು ರಾಚಯ್ಯನವರು, ಕಿರಿಯವನು ನಾನು. ಚಾವಡಿಯ ಪಡಸಾಲೆಯಲ್ಲಿ ವರ್ಗ ನಡೆಯುತ್ತಿತ್ತು. ವಸೂಲಿಗೆ ಜನ ಬಂದ ದಿನ ನಾವು ಹುಡುಗರನ್ನು ಕರೆದುಕೊಂಡು ಬೇವಿನ ಗಿಡದ ಕೆಳಗೆ ಹೋಗುತ್ತಿದ್ದೆವು. ರಾಚಯ್ಯನವರ ಕಣ್ಣು ಮಂಜಾಗಿತ್ತು. ಹಾಗಾಗಿ ಬಂದ ಮೊದಲ ವರ್ಷವೇ ರಜಿಸ್ಟರು ನನ್ನ ಕೈಗೆ ಬಂತು. ನನ್ನ ಅಕ್ಷರ ದುಂಡಗಿತ್ತು. ಅದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು.

ಹುಟ್ಟಿದ ತಾರೀಖು ಎಂಬ ಅಂಕಣ ತುಂಬುವುದು ಹೇಗೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಯಾವ ತಂದೆಗೂ ತಾರೀಖು ಗೊತ್ತಿರುತ್ತಿರಲಿಲ್ಲ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಹಿಡಿಯುತ್ತಿದ್ದೆವು. ತಾಯಂದಿರು ಹೇಳುವ ಲೆಕ್ಕ ಬೇರೆ. ಪ್ಲೇಗು ಬಂದು ಊರು ಬಿಟ್ಟ ವರ್ಷ, ಕೆಂಪು ಎತ್ತು ಸತ್ತ ವರ್ಷ, ಅತ್ತೆ ಬಾವಿಯ ಹತ್ತಿರ ಜಾರಿ ಬಿದ್ದ ವರ್ಷ. ಇವುಗಳಿಂದ ವರ್ಷವನ್ನು ಹೇಗೋ ಹೊಂದಿಸಿದರೂ ತಿಂಗಳು ಸಿಗುತ್ತಿರಲಿಲ್ಲ. ರಾಚಯ್ಯನವರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಗೊತ್ತಾಗದಿದ್ದರೆ ಜೂನ್ ಒಂದು ಬರೆ, ಶಾಲೆ ಸುರುವಾಗುವ ದಿನ, ಯಾರೂ ಕೇಳುವುದಿಲ್ಲ ಎಂದು. ನಾನು ಬರೆದೆ. ಒಂದು ವರ್ಷ ತಪಾಸಣೆಗೆ ಬಂದ ಡೆಪೋಟಿ ಸಾಹೇಬರು ಪುಟ ತಿರುವಿದರು, ಇನ್ನೊಂದು ಪುಟ ತಿರುವಿದರು, ಕನ್ನಡಕ ತೆಗೆದು ನನ್ನ ಕಡೆ ನೋಡಿ, ಘೋಡಗೇರಿಯ ಹೆಣ್ಣುಮಕ್ಕಳು ಬಹಳ ಶಿಸ್ತಿನವರು ಕಾಣುತ್ತದೆ, ಎಲ್ಲರೂ ಒಂದೇ ದಿನ ಹಡೆಯುತ್ತಾರೆ ಎಂದರು. ರಾಚಯ್ಯನವರು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ಅದು ಮುಗಿಯಿತು.

ಊರಿನಲ್ಲಿ ಇಮಾಮಸಾಬರೆಂಬ ಪಿಂಜಾರರು ಇದ್ದರು. ಅರಳೆ ಹಿಂಜಿ ಗಾದಿ ತುಂಬಿ ಕೊಡುವುದು ಅವರ ಕೆಲಸ. ಸುಗ್ಗಿ ಮುಗಿದ ಮೇಲೆ ಅವರ ಹಿಂಜುವ ಬಿಲ್ಲಿನ ನಾದ ಬೆಳಗಿನಿಂದ ಸಂಜೆಯವರೆಗೆ ಶಾಲೆಗೆ ಕೇಳುತ್ತಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಓದು ಬರಹ ಇಲ್ಲ. ಆದರೆ ಅವರ ಮಾತಿಗೆ ಊರಿನಲ್ಲಿ ತೂಕವಿತ್ತು. ಬದುವಿನ ತಕರಾರಿಗೆ ಲಿಂಗಾಯತ ರೈತರೂ ಅವರನ್ನು ಸಾಕ್ಷಿಗೆ ಕರೆಯುತ್ತಿದ್ದರು. ಸುತ್ತಿನ ಊರಿನ ನಿಕಾಗಳಲ್ಲಿ ಸಾಕ್ಷಿಯಾಗಿ ನಿಲ್ಲಲು ಅವರೇ ಬೇಕು. ಇಮಾಮಸಾಬ ಅಂದರೆ ಮುಗಿಯಿತು, ಮತ್ತೆ ಕೇಳುವುದಿಲ್ಲ ಎನ್ನುತ್ತಿದ್ದರು ಜನ.

ಅವರ ಹೆಂಡತಿ ಹುಸೇನಬಿ ಮಕ್ಕಳಿಗಾಗಿ ಪೀರರಿಗೆ ಹರಕೆ ಹೊತ್ತಿದ್ದರು. ಮೊದಲ ಮಗ ಹುಟ್ಟಿದಾಗ ದಸ್ತಗೀರ ಎಂದು ಪೀರರ ಹೆಸರಿಟ್ಟರು. ಎರಡು ವರ್ಷ ಚಿಲ್ಲರೆಯ ಮೇಲೆ ಎರಡನೆಯ ಗಂಡು ಮಗು ಆಯಿತು. ಹರಕೆ ಇಬ್ಬರಿಗೂ ಸಲ್ಲಬೇಕೆಂದು ಅವನಿಗೂ ಅದೇ ಹೆಸರು. ಮನೆಯಲ್ಲಿ ದೊಡ್ಡ ದಸ್ತು, ಸಣ್ಣ ದಸ್ತು ಎಂದು ಕರೆಯುತ್ತಿದ್ದರು. ಸಣ್ಣವನು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅವತ್ತು ನಮ್ಮ ಓಣಿಯಲ್ಲಿ ತುಳಸಿ ಲಗ್ನ. ಅವರ ಮನೆಯಲ್ಲಿ ಅದೇ ದಿನ ಪೀರರ ಗ್ಯಾರವಿ ಹಬ್ಬ. ಕಬ್ಬು ಕಟ್ಟಿ ದೀಪ ಹಚ್ಚುತ್ತಿದ್ದ ಸೂಲಗಿತ್ತಿ ದೀಪವನ್ನು ಅಲ್ಲೇ ಬಿಟ್ಟು ಪಿಂಜಾರರ ಮನೆಗೆ ಓಡಿದ್ದಳು.

ದೊಡ್ಡ ದಸ್ತು ಶಾಲೆಗೆ ಸೇರಿದ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡ. ಶಾಲೆಗೆ ಬಂದದ್ದು ಮೂರು ತಿಂಗಳೂ ಇಲ್ಲ.

ಮಗು ಸತ್ತರೆ ರಜಿಸ್ಟರದಲ್ಲಿ ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಎಳೆದು ಕೊನೆಯ ಅಂಕಣದಲ್ಲಿ ಕಾರಣ ಬರೆಯಬೇಕು. ನಾನು ಕೆಂಪು ದೌತಿ ತೆರೆದು ಕೂತಿದ್ದಾಗ ಇಮಾಮಸಾಬರು ಬಂದರು. ಮಗನ ಪಾಟಿ ಶಾಲೆಯಲ್ಲೇ ಉಳಿದಿತ್ತು, ಅದನ್ನು ಒಯ್ಯಲು ಬಂದಿದ್ದರು. ಮಸಿ ಯಾಕೆ ಎಂದು ಕೇಳಿದರು. ನಾನು ಹೇಳಿದೆ.

"ಮಾಸ್ತರ್ರ, ಆ ಗೆರಿ ಹೊಡಿಬ್ಯಾಡ್ರಿ" ಅಂದರು. "ಸಣ್ಣಾಂವ ಬರ್ತಾನ. ಹೆಸರು ಅದ ಐತಿ. ಅವನ ಜಾಗಾದಾಗ ಇಂವ ಕೂಡ್ರಲಿ."

ನಾನು ಗೆರೆ ಎಳೆಯಲಿಲ್ಲ. ಅವರ ಮುಖ ನೋಡಿ ಎಳೆಯಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೇ, ಆದರೆ ಅರ್ಧ ನಿಜ. ಹುಡುಗರ ಸಂಖ್ಯೆ ಇಳಿದರೆ ಎರಡನೆಯ ಮಾಸ್ತರನನ್ನು ಬೇರೆ ಊರಿಗೆ ಹಾಕುತ್ತಿದ್ದರು. ಆ ಎರಡನೆಯ ಮಾಸ್ತರ ನಾನು. ಆ ವರ್ಷವಷ್ಟೇ ಮನೆ ಹಿಡಿದು ಹೆಂಡತಿಯನ್ನು ಕರೆತಂದಿದ್ದೆ. ಎರಡು ವರ್ಷ ಆ ಹೆಸರಿನ ಮುಂದೆ ಗೈರುಹಾಜರು ಎಂದು ಬರೆಯುತ್ತ ಹೋದೆ. ಆಮೇಲೆ ಸಣ್ಣ ದಸ್ತು ಬಂದು ವರ್ಗದಲ್ಲಿ ಕೂತ. ಅಣ್ಣನ ಸಾಲಿನ ಮುಂದೆ ಹಾಜರು ಎಂದು ಬರೆದೆ. ಅಣ್ಣನ ಹುಟ್ಟಿದ ತಾರೀಖು ಹಾಗೇ ಉಳಿಯಿತು.

ಆಮೇಲೆ ನನ್ನನ್ನು ಗೋಕಾಕ ತಾಲೂಕಿಗೆ, ಮೂಡಲಗಿಗೆ ಹಾಕಿದರು. ಮೂಡಲಗಿಯ ಹೆಡ್‌ಮಾಸ್ತರರು ಕಾಗದದ ವಿಷಯದಲ್ಲಿ ಬಹಳ ಬಿಗಿ. ದಾಖಲೆಯಲ್ಲಿ ಒಂದು ಅಕ್ಷರದ ಮೇಲೆ ಮಸಿ ಹರಡಿದರೂ ಹರಿದು ಹೊಸದು ಬರೆಸುತ್ತಿದ್ದರು. ರಜಿಸ್ಟರದಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸು, ನಿನ್ನ ತಲೆ ಓಡಿಸಬೇಡ ಎಂಬುದು ಅವರ ಪಾಠ. ನನ್ನ ದುಂಡಕ್ಷರ ಅವರ ಕೈಯಲ್ಲಿ ಇನ್ನೂ ದುಂಡಗಾಯಿತು. ಧೂಳಪಾಟಿ ಹೋಗಿ ಕಲ್ಲುಪಾಟಿ ಬಂದದ್ದು, ಕೂಗಿ ಮಗ್ಗಿ ಹೇಳಿಸುವುದು ಹೋಗಿ ಕಾಳು ಎಣಿಸಿ ಲೆಕ್ಕ ಕಲಿಸುವುದು ಬಂದದ್ದು ಎಲ್ಲ ಆ ವರ್ಷಗಳಲ್ಲೇ. ಮೂಡಲಗಿಯ ಸಂತೆಯ ದಿನ ಅರ್ಧ ವರ್ಗ ಖಾಲಿ. ಆ ಖಾಲಿ ವರ್ಗದಲ್ಲಿ ಕೂತು ಬರೆದ ಕಾಗದಗಳು, ಹೊರಗಿನ ಎತ್ತುಗಳ ಕೊರಳ ಗಂಟೆ, ಹೆಡ್‌ಮಾಸ್ತರರ ನಶ್ಯದ ವಾಸನೆ ಇವತ್ತಿಗೂ ನೆನಪಾಗುತ್ತವೆ. ಅಲ್ಲಿಂದ ಮತ್ತೆ ಘೋಡಗೇರಿಗೆ ಬಂದದ್ದು ಹಿರಿಯ ಮಾಸ್ತರನಾಗಿ. ರಾಚಯ್ಯನವರು ಇರಲಿಲ್ಲ. ರಜಿಸ್ಟರು ಅದೇ ಇತ್ತು.

ಎರಡನೆಯ ಮಹಾಯುದ್ಧ ಸುರುವಾಗಿ ಕೆಲವು ವರ್ಷ ಆಗಿತ್ತು. ಹುಕ್ಕೇರಿ, ಗೋಕಾಕದ ಸಂತೆಗಳಿಗೆ ಭರತಿಯವರು ಬಂದು ಹುಡುಗರನ್ನು ದಂಡಿಗೆ ತೆಗೆದುಕೊಳ್ಳುತ್ತಿದ್ದರು. ಹದಿನೆಂಟು ತುಂಬಿರಬೇಕು, ಎದೆ ಅಗಲ ಇರಬೇಕು, ಓದು ಬಂದರೆ ಮೋಟಾರು ಕಲಿಸುತ್ತಾರೆ ಎಂದು ಸುದ್ದಿ. ದಸ್ತಗೀರ ಆಗ ಕನ್ನಡ ಶಾಲೆಯ ಕೊನೆಯದಾದ ಮುಲ್ಕಿ ಪರೀಕ್ಷೆ ಮುಗಿಸಿ ತಂದೆಯ ಜೊತೆ ಬಿಲ್ಲು ಹಿಡಿಯುತ್ತಿದ್ದ. ಎತ್ತರದ ಹುಡುಗ, ಮೀಸೆ ಚಿಗುರಿತ್ತು, ಒಬ್ಬನೇ ಅರಳೆಯ ಅಂಡಿಗೆ ಎತ್ತುತ್ತಿದ್ದ. ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಶಾಲೆಗೆ ಬಂದು, ಶಾಲೆ ಬಿಟ್ಟ ದಾಖಲೆ ಬೇಕ್ರಿ, ನೌಕರಿಗಿ ಅಂದ. ನಾನು ರಜಿಸ್ಟರು ತೆಗೆದು ಇದ್ದದ್ದನ್ನು ಇದ್ದಂತೆ ಇಳಿಸಿದೆ, ಮರಳು ಚೆಲ್ಲಿ ಒಣಗಿಸಿ ಸಹಿ ಹಾಕಿದೆ. ಯಾವ ನೌಕರಿ ಎಂದು ಕೇಳಲಿಲ್ಲ. ಅವನು ಆ ಕಾಗದವನ್ನು ಬಹಳ ಹೊತ್ತು ನೋಡಿದ. ಅಕ್ಷರ ಛಲೋ ಅದಾವ್ರಿ ಎಂದು ಹೇಳಿ ಹೋದ.

ನಾಲ್ಕನೆಯ ದಿನ ಮಧ್ಯಾಹ್ನ ಇಮಾಮಸಾಬರು ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಮಗ ಭರತಿಯಾಗಿದ್ದಾನೆ, ಮನೆಯಲ್ಲಿ ಹೇಳದೆ ಹೋಗಿದ್ದಾನೆ, ಗೋಕಾಕದಲ್ಲಿ ಇಟ್ಟಿದ್ದಾರೆ, ನಾಲ್ಕೈದು ದಿನಕ್ಕೆ ರೈಲಿಗೆ ಹತ್ತಿಸುತ್ತಾರಂತೆ ಎಂದು ಒಂದೊಂದೇ ಹೇಳಿದರು. ಹುಸೇನಬಿ ಒಲೆ ಹಚ್ಚಿಲ್ಲ ಎಂದರು. ಆಮೇಲೆ ಕೇಳಿದರು.

"ಅವನ ಖರೇ ವಯಸ್ಸು ಎಷ್ಟ್ರಿ, ಮಾಸ್ತರ್ರ?"

ನಾನು ಬೆರಳ ಮೇಲೆ ತುಳಸಿ ಲಗ್ನಗಳನ್ನು ಎಣಿಸಿದೆ. ಬರುವ ತುಳಸಿ ಲಗ್ನಕ್ಕೆ ಹದಿನೆಂಟು. ಇವತ್ತಿಗೆ ಹದಿನೇಳೂವರೆ ಎಂದೆ. ರಜಿಸ್ಟರದಲ್ಲಿ ಇಪ್ಪತ್ತರ ಸಮೀಪ. ಅವರು ತಲೆ ಅಲ್ಲಾಡಿಸಿದರು.

"ಮತ್ತ ಆ ವಯಸ್ಸು ಸತ್ತಾವಂದು ಅಂತ ಒಂದು ಚೀಟಿ ಬರದ ಕೊಡ್ರಿ. ಇಂವಗ ತುಂಬಿಲ್ಲ ಅಂತ ಬರೀರಿ. ಹೊಳ್ಳಿ ಕಳಸ್ತಾರ."

ಬರೆದರೆ ಏನಾಗುತ್ತದೆ ಎಂದು ಆ ಕ್ಷಣವೇ ನನಗೆ ಹೊಳೆಯಿತು. ಸತ್ತ ಹುಡುಗನ ಹೆಸರನ್ನು ಎರಡು ವರ್ಷ ಜೀವಂತ ಇಟ್ಟವನು ನಾನು ಎಂದು ನನ್ನದೇ ಸಹಿಯಲ್ಲಿ ಒಪ್ಪಿಕೊಂಡಂತೆ. ನೌಕರಿ ಹೋಗಬಹುದು. ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಬಂದಿದ್ದರು. ಎರಡು ದಿನ ತಡೆಯಿರಿ ಸಾಬರ, ವಿಚಾರ ಮಾಡಿ ಬರೆಯುತ್ತೇನೆ ಎಂದೆ. ಇಮಾಮಸಾಬರು ಆಗಲಿ ಎಂದು ಹೋದರು. ಆ ಎರಡು ದಿನ ನಾನು ಯಾವ ವಿಚಾರವನ್ನೂ ಮಾಡಲಿಲ್ಲ. ಭರತಿಯವರು ಅಷ್ಟರಲ್ಲಿ ಹೊರಟುಬಿಟ್ಟರೆ ಬರೆಯುವ ಕೆಲಸವೇ ಇರುವುದಿಲ್ಲ ಎಂದು ಕಾದೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ಅವರು ಮತ್ತೆ ಬಂದು ಬಾಗಿಲಲ್ಲಿ ನಿಂತರು. ನಾನು ಕೂತು ಚೀಟಿ ಬರೆದೆ, ಸಹಿ ಹಾಕಿದೆ, ನಾನೂ ಬರುತ್ತೇನೆ ಎಂದೆ.

ಹುಕ್ಕೇರಿಯವರೆಗೆ ಚಕ್ಕಡಿ, ಅಲ್ಲಿಂದ ಇದ್ದಿಲಿನ ಮೋಟಾರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಮೋಟಾರಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿದ್ದರು. ಏರು ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಇಮಾಮಸಾಬರು ಎಲ್ಲರಿಗಿಂತ ಮುಂದೆ ಹೋಗಿ ಹೆಗಲು ಕೊಟ್ಟರು. ಮಗನನ್ನು ಕರೆತರಲು ಹೋಗುತ್ತೇವೆ ಎಂದು ಪಕ್ಕದವನಿಗೆ ಹೇಳುವುದು ಕೇಳಿಸಿತು. ಮುಖ ಮಸಿಯಾಗಿತ್ತು.

ಗೋಕಾಕದಲ್ಲಿ ಪೇಟೆಯ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಹುಡುಗರನ್ನು ಇರಿಸಿದ್ದರು. ಮೂವತ್ತು ನಲವತ್ತು ಜನ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ದಸ್ತಗೀರ ನಮ್ಮನ್ನು ನೋಡಿ ಕೈ ತೊಳೆದುಕೊಂಡು ಎದ್ದು ಬಂದ. ಹುಣಸೆ ಗಿಡದ ನೆರಳಿಗೆ ಹೋದೆವು. ಊಟ ಅರ್ಧಕ್ಕೆ ಯಾಕೆ ಬಿಟ್ಟೆ ಎಂದು ತಂದೆ ಮೊದಲು ಕೇಳಿದರು. ಹೊಟ್ಟೆ ತುಂಬಿತ್ತು ಅಂದ ಅವನು. ಆಮೇಲೆ ನನ್ನ ಕಿಸೆಯ ಕಡೆ ನೋಡಿದ.

"ಮಾಸ್ತರ್ರ ಕಿಸೇದಾಗ ಏನೈತಿ ನನಗ ಗೊತ್ತೈತಿ, ಅಪ್ಪಾ."

"ಗೊತ್ತಿದ್ರ ಛಲೋನ ಆತು. ಆರ ತಿಂಗಳ ತಡಿಯೋ. ತುಳಸಿ ಲಗ್ನ ಆಗ್ಲಿ. ಆಮ್ಯಾಲ ನೀ ಹ್ವಾದ್ರ ನಾ ಅಡ್ಡ ಬರೂದಿಲ್ಲ."

"ಆಮ್ಯಾಲ ನೀ ಮತ್ತೊಂದ ಹಬ್ಬ ಹೇಳ್ತಿ."

ಇಮಾಮಸಾಬರಿಗೆ ನಗು ಬಂತು. ಮಗ ಹೇಳಿದ್ದು ಖರೆ ಇತ್ತು. ನಗು ನಿಂತ ಮೇಲೆ ಆರು ತಿಂಗಳಲ್ಲಿ ಲಡಾಯಿ ಮುಗಿದರೂ ಮುಗಿಯಬಹುದು ಎಂದು ಮೆಲ್ಲಗೆ ಅಂದರು. ಬಿಲ್ಲು ಹಿಡಿಯಲು ಬೇಸರವಾದರೆ ಹುಕ್ಕೇರಿಯಲ್ಲಿ ಬೇರೆ ಕೆಲಸಕ್ಕೆ ಹಚ್ಚುತ್ತೇನೆ ಎಂದರು. ನಿನ್ನ ಅವ್ವ ಊಟ ಬಿಟ್ಟಿದ್ದಾಳೆ ಎಂದರು. ದಸ್ತಗೀರ ನೆಲ ನೋಡುತ್ತ ಎಲ್ಲ ಕೇಳಿದ.

"ಅಪ್ಪಾ, ಮನ್ಯಾಗ ಅಣ್ಣನ ಹೆಸರು, ಸಾಲ್ಯಾಗ ಅಣ್ಣನ ಜಾಗಾ. ಅವನ ಅಂಗೀನೂ ಹಾಕ್ಕೊಂಡೇನಿ. ದಸ್ತು ಅಂತ ಅವ್ವ ಕರದ್ರ ಯಾರನ್ನ ಕರಿಯಾಕತ್ತಾಳಂತ ಒಮ್ಮೊಮ್ಮೆ ನನಗ ತಿಳಿಯೂದಿಲ್ಲ. ಇದೊಂದು ಮಾತ್ರ ನಾ ಆರಿಸ್ಕೊಂಡದ್ದು. ನನಗ ಹೋಗಾಕ ಕೊಡು."

ಅವನು ದನಿ ಏರಿಸಲಿಲ್ಲ. ಇಮಾಮಸಾಬರು ಹುಣಸೆ ಎಲೆಯ ಕಡ್ಡಿಯೊಂದನ್ನು ಮುರಿದು ಮುರಿದು ಚೂರು ಮಾಡಿದರು. ನಾನು ಎರಡು ಹೆಜ್ಜೆ ದೂರ ನಿಂತಿದ್ದೆ. ಆ ಸಾಲು ಬರೆದ ಕೈ ನನ್ನದು ಎಂಬುದು ಮೂವರಿಗೂ ಗೊತ್ತಿತ್ತು. ಅವರಿಬ್ಬರಲ್ಲಿ ಯಾರೂ ಅದನ್ನು ಆಡಲಿಲ್ಲ.

ಅಷ್ಟರಲ್ಲಿ ಜಮಾದಾರ ನಮ್ಮನ್ನು ಕರೆದ. ಪಿಂಚಣಿಯಾಗಿ ಮತ್ತೆ ಭರತಿಯ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಮನುಷ್ಯ, ಒಂದು ಕಿವಿ ಮಂದ. ನಮ್ಮನ್ನು ನೋಡಿದ ಕೂಡಲೇ ಯಾಕೆ ಬಂದಿದ್ದೇವೆ ಎಂದು ಅವನಿಗೆ ತಿಳಿದಿತ್ತು.

"ಬಾವಾ, ದಿನಕ್ಕೊಬ್ಬ ಅಪ್ಪ ಬರ್ತಾನ, ಒಂದೊಂದ ಚೀಟಿ ತರ್ತಾನ. ನನಗ ಚೀಟಿ ಬ್ಯಾಡ" ಎಂದ. "ದಾಖಲೆದಾಗ ಇಪ್ಪತ್ತರ ಸಮೀಪ ಅಂತ ಐತಿ. ಮಾರಿ ನೋಡಿದ್ರ ನನಗ ಸಂಶೆ. ನೀ ಹಡದಾಂವ, ನೀ ಹೇಳು. ಹದಿನೆಂಟ ತುಂಬ್ಯಾವೋ ಇಲ್ಲೋ? ಇಲ್ಲಂದ್ರ ಈಗ ಕರಕೊಂಡ ನಡಿ, ನಾ ತಡಿಯಾಂವಲ್ಲ."

ನನ್ನ ಕೈ ಕಿಸೆಯಲ್ಲಿದ್ದ ಚೀಟಿಯ ಮೇಲಿತ್ತು. ದಸ್ತಗೀರ ಸ್ವಲ್ಪ ಹಿಂದೆ ನಿಂತಿದ್ದ. ಇಮಾಮಸಾಬರು ತಿರುಗಿ ಅವನನ್ನು ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ. ಜಮಾದಾರ ಮತ್ತೊಮ್ಮೆ ಕೇಳುವಷ್ಟು ಹೊತ್ತು.

"ತುಂಬ್ಯಾವ್ರಿ" ಎಂದರು.

ಜಮಾದಾರ ಬರೆದುಕೊಂಡ. ಚೀಟಿ ನನ್ನ ಕಿಸೆಯಲ್ಲೇ ಉಳಿಯಿತು. ಮೋಟಾರಿನಲ್ಲಿ ತಿರುಗಿ ಬರುವಾಗ ನನಗೆ ಎರಡು ವಿಷಯ ಒಟ್ಟಿಗೆ ತಿಳಿದವು. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮತ್ತು ಆ ಸುಳ್ಳು ನನ್ನ ನೌಕರಿಯನ್ನೂ ಉಳಿಸಿತ್ತು.

ಓದುವವರು ಕಾಯಬಾರದೆಂದು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ ದಸ್ತಗೀರ ತಿರುಗಿ ಬಂದ. ಎಡಗಾಲು ಸ್ವಲ್ಪ ಎಳೆಯುತ್ತಿದ್ದ, ಮೋಟಾರು ಚೆನ್ನಾಗಿ ಕಲಿತಿದ್ದ. ನಾನು ಹೇಳಬೇಕಾಗಿರುವುದು ಅವನು ಹೋದ ಮೇಲಿನ ಆರು ತಿಂಗಳದ್ದು. ಅವನು ಬರುತ್ತಾನೋ ಇಲ್ಲವೋ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮಳೆ ಹಿಡಿಯುವ ಮುಂಚೆ ಇಮಾಮಸಾಬರ ತಮ್ಮನ ಮಗಳ ನಿಕಾ ಇತ್ತು. ಸಾಕ್ಷಿಗೆ ಅಣ್ಣನೇ ನಿಲ್ಲುತ್ತಾನೆ ಎಂದು ಎಲ್ಲರೂ ಹಿಡಿದಿದ್ದರು. ಇವರು ಒಲ್ಲೆ ಅಂದರು. ಕಾರಣ ಹೇಳಲಿಲ್ಲ. ತಮ್ಮ ಸಿಟ್ಟಿಗೆದ್ದ. ಮಗ ದಂಡಿಗೆ ಹೋದ ಮೇಲೆ ಅಣ್ಣನಿಗೆ ನೆತ್ತಿ ಮ್ಯಾಲೆ ಕೊಂಬು ಬಂದಾವೇನು ಎಂದು ಬಂದ ಬೀಗರ ಮುಂದೆ ಕೇಳಿದ. ಇಮಾಮಸಾಬರು ಅದನ್ನೂ ಕೇಳಿಸಿಕೊಂಡರು. ಮದುವೆಯ ಗಾದಿಗಳನ್ನು ತಾವೇ ಹೊಸದಾಗಿ ತುಂಬಿ ಕಳಿಸಿ, ತಾವು ಜನರ ಹಿಂದೆ ಹೋಗಿ ಕೂತರು. ಬದುವಿನ ತಕರಾರಿಗೆ ಕರೆದವರಿಗೂ ಹೀಗೇ. ನನ್ನ ಮಾತು ಬ್ಯಾಡ್ರಿ, ಬ್ಯಾರೆಯವರನ್ನ ಕರೀರಿ ಎನ್ನುತ್ತಿದ್ದರು. ಮಗನ ಚಿಂತೆಯಲ್ಲಿ ಮನುಷ್ಯ ಒಂದು ಥರ ಆಗಿದ್ದಾನೆ ಎಂದು ಊರು ಮಾತಾಡಿಕೊಂಡಿತು. ಕಾರಣ ಗೊತ್ತಿದ್ದವನು ನಾನೊಬ್ಬ. ನಾನು ಬಾಯಿ ಬಿಡಲಿಲ್ಲ.

ದಸ್ತಗೀರನ ಕಾಗದಗಳು ತಿಂಗಳಿಗೊಂದು ಬರುತ್ತಿದ್ದವು. ಎಲ್ಲಿದ್ದೇನೆ ಎಂದು ಬರೆಯುವ ಹಾಗಿರಲಿಲ್ಲ. ಅವನ್ನು ನಾನೇ ಓದಿ ಹೇಳುತ್ತಿದ್ದೆ. ಹುಸೇನಬಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಊಟ ಛಲೋ ಇದೆ, ಬೂಟು ಕಚ್ಚುತ್ತದೆ, ಗೇರು ಹಾಕುವುದು ಕಲಿತೆ ಇಂಥವೇ ಹೆಚ್ಚು. ಮೂರನೆಯ ಕಾಗದದ ಕೊನೆಗೆ ಒಂದು ಸಾಲು ಇತ್ತು: ಗೋಕಾಕದಲ್ಲಿ ನೀವು ಆಡಿದ ಮಾತು ನನ್ನ ತಲೆಯ ಮೇಲೆ ಇದೆ, ಅದು ನೆನಪಾದರೆ ಉಂಡದ್ದು ಇಳಿಯುವುದಿಲ್ಲ. ಓದಿ ನಿಲ್ಲಿಸಿದೆ.

"ಮುಂದ ಓದ್ರಿ" ಎಂದರು ಇಮಾಮಸಾಬರು.

ಮುಂದೆ ಸಹಿ ಅಷ್ಟೇ ಇತ್ತು.

ಆ ವರ್ಷ ರಮಜಾನು ಮಳೆಗಾಲದ ಕೊನೆಗೆ ಬಂತು. ಹಬ್ಬದ ದಿನ ಶಾವಿಗೆಯ ಸುರಕುಂಬಾ ಕುಡಿಯಲು ಕರೆದಿದ್ದರು, ಹೋದೆ. ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು. ಹುಸೇನಬಿ ಬಟ್ಟಲು ಕೊಡುತ್ತ, ಸಣ್ಣವನು ಹೊಟ್ಟೆಯಲ್ಲಿದ್ದಾಗ ರೋಜಾದ ಉಪವಾಸ ಸುಡುಬಿಸಿಲಿನಲ್ಲಿ ಬಂದಿತ್ತು, ನೀರಿಲ್ಲದೆ ಎರಡು ಸಲ ಬವಳಿ ಬಂದು ಬಿದ್ದಿದ್ದೆ ಎಂದರು. ಸುಮ್ಮನೆ ಆಡಿದ ಮಾತು. ನನ್ನ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು.

ಮನೆಗೆ ಬಂದು ಪಾಟಿ ಹಿಡಿದು ಕೂತೆ. ಅವರ ಚಾಂದದ, ಅಂದರೆ ಚಂದ್ರನ ಲೆಕ್ಕದ, ವರ್ಷ ನಮ್ಮದಕ್ಕಿಂತ ಹನ್ನೊಂದು ದಿನ ಕಡಿಮೆ. ನಮ್ಮ ತಿಥಿಗಳನ್ನು ಅಧಿಕಮಾಸ ಸೇರಿಸಿ ಸರಿಮಾಡುತ್ತಾರೆ, ಅವರದಕ್ಕೆ ಅದಿಲ್ಲ. ಹೀಗಾಗಿ ಅವರ ಹಬ್ಬ ವರ್ಷ ವರ್ಷ ಹಿಂದೆ ಸರಿಯುತ್ತ ಬರುತ್ತದೆ. ಸಣ್ಣ ದಸ್ತು ಹುಟ್ಟಿದ ದಿನ ತುಳಸಿ ಲಗ್ನವೂ ಗ್ಯಾರವಿಯೂ ಒಂದೇ ದಿನ ಬಂದಿದ್ದವು. ಅಲ್ಲಿಂದ ಈಚೆಗೆ ಗ್ಯಾರವಿ ಸರಿಯುತ್ತ ಸರಿಯುತ್ತ ಬೇಸಿಗೆಗೆ ಬಂದಿತ್ತು. ಆ ವರ್ಷದ ಗ್ಯಾರವಿ ಆದದ್ದು ಅವನು ನನ್ನ ಹತ್ತಿರ ದಾಖಲೆ ಒಯ್ಯುವುದಕ್ಕೆ ಕೆಲವೇ ದಿನ ಮುಂಚೆ. ಹುಟ್ಟಿದ ಮೇಲೆ ಅದು ಹದಿನೆಂಟನೆಯ ಗ್ಯಾರವಿ. ಅವರ ಮನೆಯ ಲೆಕ್ಕದಲ್ಲಿ ಗೋಕಾಕಕ್ಕೆ ಹೋದ ದಿನ ಹುಡುಗನಿಗೆ ಹದಿನೆಂಟು ತುಂಬಿತ್ತು. ನಾನು ಎಣಿಸಿದ್ದು ನನ್ನ ಹಬ್ಬಗಳನ್ನು. ಅವರ ಹಬ್ಬಗಳನ್ನು ಎಣಿಸಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಾಸ್ತರ ಹೇಳಿದ ಎಂದು ಅವರೂ ಎಣಿಸಿ ನೋಡಿರಲಿಲ್ಲ.

ಎರಡು ಸಲ ತಾಳೆ ನೋಡಿದೆ. ಮರುದಿನ ಬೆಳಿಗ್ಗೆ ಪಾಟಿ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಇಮಾಮಸಾಬರು ಬಿಲ್ಲಿಗೆ ಹೊಸ ನಾರು ಬಿಗಿಯುತ್ತಿದ್ದರು. ನಾನು ಗೆರೆ ಗೆರೆ ತೋರಿಸಿ ಹೇಳಿದೆ. ನೀವು ಸುಳ್ಳು ಹೇಳಲಿಲ್ಲ ಸಾಬರ, ತಪ್ಪು ಎಣಿಸಿದವನು ನಾನು, ನೀವು ಹೇಳಿದ್ದೇ ಖರೆ ಎಂದೆ. ಅವರು ಪಾಟಿಯನ್ನು ಬಹಳ ಹೊತ್ತು ನೋಡಿದರು, ಓದಲು ಬಾರದಿದ್ದರೂ.

"ಹೇಳೂ ಮುಂದ ಅದು ನನಗ ಗೊತ್ತಿರಲಿಲ್ಲಲ್ರಿ, ಮಾಸ್ತರ್ರ" ಎಂದರು. "ತುಂಬಿಲ್ಲ ಅಂತ ತಿಳಕೊಂಡ ತುಂಬ್ಯಾವ ಅಂದೆ."

ಅವರೇ ನನಗೆ ಕೂಡ್ರಿ ಎಂದು ಚಾಪೆ ಹಾಸಿ ನೀರು ಕೊಟ್ಟರು. ಹುಸೇನಬಿ ಒಳಗಿನಿಂದ, ನಾನು ಹಡದದ್ದು ಗ್ಯಾರವಿ ದಿನ, ನನ್ನನ್ನ ಯಾರು ಕೇಳಿದಿರಿ ಎಂದರು.

ಆ ವಾರವೇ ನಾನು ಡೆಪೋಟಿ ಸಾಹೇಬರಿಗೆ ಅರ್ಜಿ ಬರೆದು ರಜಿಸ್ಟರದ ಸಂಗತಿ ಒಪ್ಪಿಕೊಂಡೆ. ಹೊಸಬರು ಬಂದಿದ್ದರು. ಹಳೆಯ ಮಾತು, ಮುಂದೆ ಹೀಗೆ ಮಾಡಬಾರದು ಎಂದು ಒಂದು ಸಾಲಿನ ತಾಕೀತು ಬಂತು. ನಾನು ಹೆದರಿದ್ದೆಲ್ಲ ಆ ಒಂದು ಸಾಲಿಗೆ. ಅಂದೇ ಬರೆದಿದ್ದರೆ ಅಂದೂ ಅಷ್ಟೇ ಆಗುತ್ತಿತ್ತೋ ಏನೋ. ತಿಳಿಯುವ ದಾರಿ ಇಲ್ಲ.

ತುಳಸಿ ಲಗ್ನದ ದಿನ ಶಾಲೆ ಬಿಟ್ಟ ಮೇಲೆ ನಾನಾಗಿಯೇ ಅವರ ಮನೆಗೆ ಹೋದೆ. ಯಾಕೆ ಹೋಗುತ್ತಿದ್ದೇನೆ ಎಂದು ನನಗೇ ಸ್ಪಷ್ಟವಿರಲಿಲ್ಲ. ಗಾದಿಯ ಹಂಗಾಮು, ಅಂಗಳದ ತುಂಬ ಅರಳೆ ಹಾರಾಡುತ್ತಿತ್ತು, ಅವರ ಗಡ್ಡ, ಹುಬ್ಬೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬಿಲ್ಲು ಕೆಳಗಿಟ್ಟರು.

"ಬರ್ರಿ. ನಾನ ಬರಾಂವಿದ್ದೆ. ಇವತ್ತ ಯಾರ ಲೆಕ್ಕ ಹಿಡದ್ರೂ ತುಂಬಿದ್ವು, ಹೌದಲ್ರಿ?"

ಹೌದು ಎಂದೆ. ಮಗನಿಗೆ ಒಂದು ಕಾಗದ ಬರೆಯಬೇಕು ಎಂದರು. ಅಲ್ಲಿಯತನಕ ಅವರ ಕಾಗದಗಳು ಎಲ್ಲ ಕ್ಷೇಮ, ನಿನ್ನ ಕ್ಷೇಮ ತಿಳಿಸು ಎಂಬಲ್ಲಿಗೆ ಮುಗಿಯುತ್ತಿದ್ದವು. ನಾನು ಮಸಿಯ ದೌತಿ ತೆರೆದೆ. ಅವರು ಅರಳೆಯ ಮೇಲೆ ಕೈ ಇಟ್ಟುಕೊಂಡು ಒಂದೊಂದೇ ಮಾತು ಹೇಳಿದರು. ನಾನು ನೆಟ್ಟಗೆ ಮಾಡದೆ ಅವರು ಆಡಿದಂತೆಯೇ ಬರೆದೆ.

"ದಸ್ತು, ಇವತ್ತ ನಿನಗ ಹದಿನೆಂಟ ತುಂಬಿದ್ವು. ಗೋಕಾಕದಾಗ ಆಡಿದ ಮಾತು ನಂದು. ನಿಂದಲ್ಲ. ಅದನ್ನ ನೀ ಹೊತ್ಕೊಂಡ ತಿರಗಬ್ಯಾಡ. ನಿನಗ ಹೊರಾಕ ಅಲ್ಲಿ ಬ್ಯಾರೆ ಭಾಳ ಐತಿ. ಹೊಟ್ಟಿ ತುಂಬ ಉಣ್ಣು."

ಇಷ್ಟ ಸಾಕ್ರಿ ಎಂದರು. ಗ್ಯಾರವಿಯ ಲೆಕ್ಕವನ್ನೂ ಬರೆಯಲೇ ಎಂದು ಕೇಳಿದೆ. ವಿಚಾರ ಮಾಡಿ ಬ್ಯಾಡ ಎಂದರು. ಒಮ್ಮೆ ಓದಿ ಹೇಳಿಸಿಕೊಂಡರು. ಹೆಬ್ಬೆರಳಿಗೆ ಹತ್ತಿದ ಅರಳೆಯನ್ನು ಬಿಡಿಸಿ, ಮಸಿ ಹಚ್ಚಿ, ಕಾಗದದ ಕೆಳಗೆ ಒತ್ತಿದರು. ನಾನು ಮಡಚಿ ಮಗನ ದಂಡಿನ ನಂಬರು ಬರೆಯುತ್ತಿದ್ದಾಗ, ಆ ಆರು ತಿಂಗಳಲ್ಲಿ ಮೊದಲ ಸಲ, ವಯಸ್ಸನ್ನು ಬಿಟ್ಟು ಬೇರೆ ಮಾತು ಕೇಳಿದರು.

"ಅಲ್ಲಿ ಈಗ ಥಂಡಿ ಇರತೈತೇನ್ರಿ?"

ಇಲ್ಲ ಸಾಬರ, ಬೆಚ್ಚಗಿರುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗೊತ್ತಿಲ್ಲ ಎಂದೆ.